ಒಂದು ಅಂಗಿ ಎಷ್ಟು ನೀರು ಕುಡಿಯುತ್ತೆ?

ಒಂದು ಹತ್ತಿ ಟೀ ಶರ್ಟ್‌ಗೆ ಎಷ್ಟು ನೀರು ಬೇಕು, ಗೊತ್ತಾ?

ಸುಮಾರು 2,700 ಲೀಟರ್!
ಒಬ್ಬರು ಎರಡೂವರೆ ವರ್ಷ ಕುಡಿಯುವಷ್ಟು.

ಇದರಲ್ಲಿ ಬಹುಪಾಲು ಹೋಗೋದು ಹೊಲಕ್ಕೆ.
ಅದಕ್ಕೇ ಹತ್ತಿ ಎಲ್ಲಿ, ಹೇಗೆ ಬೆಳೀತು ಅನ್ನೋದು ಮುಖ್ಯ.

ಮೈಸೂರು ಜಿಲ್ಲೆಯನ್ನೇ ನೋಡಿ.
ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು.
ಕೆ.ಆರ್. ನಗರದಲ್ಲಿ ಕಾಲುವೆ ನೀರಿನ ಭತ್ತ.
ಎಚ್.ಡಿ. ಕೋಟೆಯ ಕಪ್ಪು ಮಣ್ಣಿಗೆ ಹತ್ತಿ.
ಮುಂಗಾರಿಗೂ ಮೊದಲೇ ಬೀಳುವ ಮಳೆಗೆ ಬಿತ್ತನೆ. ಹೆಚ್ಚಿನ ರೈತರು ನಂಬೋದು ಬೋರ್‌ವೆಲ್ ಅಲ್ಲ, ಮೋಡ.

ಬೆಳೆದ ಹತ್ತಿ ಬಟ್ಟೆಯಾಗೋದು ಹೇಗೆ ಅನ್ನೋದೂ ಮುಖ್ಯ.
ಪಕ್ಕದ ನಂಜನಗೂಡು ತಾಲ್ಲೂಕಿನಲ್ಲಿದೆ ಬದನವಾಳು.
1927ರಲ್ಲಿ ಗಾಂಧೀಜಿ ಬಂದ ಖಾದಿ ಊರು.
2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹಕ್ಕೆ ಕೂತಿದ್ದೂ ಇಲ್ಲೇ.
ಖಾದಿ ನೇಯುವ ಕೈಮಗ್ಗಕ್ಕೆ ಕರೆಂಟೇ ಬೇಡ!

ಬಟ್ಟೆ ಕೊಳ್ಳುವಾಗ ಚೀಟಿ ತಿರುಗಿಸಿ ನೋಡಿ:
ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್,
ಖಾದಿಗೆ ಖಾದಿ ಮಾರ್ಕ್.