ಮನೆಯ ನಾಯಿ ಸತ್ತಾಗ

ಕೆಲವು ವರ್ಷಗಳ ಹಿಂದೆ ಕಾರ್ಕಳದ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದರು. ರಕ್ತದೊತ್ತಡ 160/100 ಇತ್ತು. "ಮನೆಯಲ್ಲಿ ಏನಾದರೂ ತೊಂದರೆ ಉಂಟಾ ಮಾಷ್ಟ್ರೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿ ಸತ್ತುಹೋಯಿತು ಡಾಕ್ಟ್ರೇ" ಎಂದರು. ಅವರ ಕಣ್ಣು ತುಂಬಿತ್ತು. ನಾನು ನಕ್ಕು, "ಅದಕ್ಕೇನು, ಇನ್ನೊಂದು ಮರಿ ತಂದರಾಯಿತು" ಎಂದು ಮಾತ್ರೆ ಹೆಚ್ಚಿಸಿ ಕಳುಹಿಸಿದೆ. ಅವರು ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ 'ಮಿಂಚು' ಸತ್ತಾಗ ಆ ಮಾಷ್ಟ್ರ ಮುಖ ನೆನಪಾಯಿತು.

ಮಿಂಚು ಮುಧೋಳ ತಳಿಯ ಹೆಣ್ಣು ನಾಯಿ. ಬಾಗಲಕೋಟೆ ಜಿಲ್ಲೆಯ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಅಂಚೆ ಇಲಾಖೆ 2005ರಲ್ಲಿ ಹೊರತಂದಿತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವೂ ಇದೆ. ಇವು ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳು. ಭಾನುವಾರ ಬೆಳಿಗ್ಗೆ ಕಾಪು ಕಡಲತೀರಕ್ಕೆ ಕರೆದುಕೊಂಡು ಹೋದರೆ, ದೂರದ ಮರಳಿನಲ್ಲಿ ಏಡಿ ಅಲುಗಿದರೂ ಸಾಕು, ಮಿಂಚು ಓಟ ಕೀಳುತ್ತಿದ್ದಳು. ಮನೆಯಲ್ಲಿ ಮಾತ್ರ ಸದ್ದಿಲ್ಲದ ಪ್ರಾಣಿ. ಅಮ್ಮನ ಕುರ್ಚಿಯ ಪಕ್ಕ ಮಲಗಿ, ತಲೆ ಎತ್ತದೆ ಕಣ್ಣಿನಲ್ಲೇ ನಮ್ಮೆಲ್ಲರನ್ನೂ ಹಿಂಬಾಲಿಸುತ್ತಿದ್ದಳು. ಹನ್ನೆರಡು ವರ್ಷ ನಮ್ಮೊಂದಿಗಿದ್ದಳು.

ಅವಳು ಸತ್ತದ್ದು ಮೂತ್ರಪಿಂಡದ ವೈಫಲ್ಯದಿಂದ. ಹೆಚ್ಚು ನೀರು ಕುಡಿಯುತ್ತಿದ್ದಳು, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದಳು. ರೋಗಿಗಳಲ್ಲಿ ದಿನವೂ ಕೇಳುವ ಈ ಲಕ್ಷಣಗಳನ್ನು ನನ್ನ ಮನೆಯಲ್ಲೇ ನಾನು ಗಮನಿಸಲಿಲ್ಲ. ಮೊದಲೇ ತೆಳ್ಳಗಿನ ತಳಿಯಾದ್ದರಿಂದ ಸೊರಗಿದ್ದೂ ತಿಳಿಯಲಿಲ್ಲ. ಪಶುವೈದ್ಯರ ಹತ್ತಿರ ನನ್ನ ತಪ್ಪನ್ನು ಹೇಳಿಕೊಂಡೆ. ನಾಯಿಗಳಲ್ಲಿ ಮೂತ್ರಪಿಂಡದ ಶಕ್ತಿ ಸುಮಾರು ಮೂರನೇ ಎರಡು ಭಾಗ ಕುಂದುವವರೆಗೆ ಈ ಲಕ್ಷಣಗಳು ಕಾಣಿಸುವುದೇ ಇಲ್ಲ ಎಂದು ಅವರು ವಿವರಿಸಿದರು. ಆ ಮಾತಿನಿಂದ ಸಮಾಧಾನವಾಯಿತು. ಆದರೂ ಹಲವು ರಾತ್ರಿ ನಿದ್ದೆ ಬರಲಿಲ್ಲ.

ಇದು ನಿಜವಾದ ದುಃಖವೇ?

ಹೌದು. ಮಹಾಭಾರತದ ಕೊನೆಯಲ್ಲಿ ಧರ್ಮರಾಯ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲು ಒಪ್ಪಲಿಲ್ಲ. ಈ ಕತೆ ಗೊತ್ತಿದ್ದರೂ ನಾವು "ನಾಯಿಗಾಗಿ ಅಳುವುದುಂಟಾ?" ಎಂದು ಕೇಳುತ್ತೇವೆ. ನಾಯಿ ಮತ್ತು ಒಡೆಯ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ತಾಯಿ ಮತ್ತು ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನು ಇದೇ. ಹಾಗಿರುವಾಗ ನಾಯಿಯ ಅಗಲಿಕೆಯಿಂದ ನೋವಾಗುವುದು ಸಹಜ.

ತೀವ್ರ ದುಃಖದಲ್ಲಿ ಅಡ್ರಿನಾಲಿನ್, ಕಾರ್ಟಿಸೋಲ್ ಹೆಚ್ಚಿ ನಿದ್ದೆ, ಹಸಿವು, ರಕ್ತದೊತ್ತಡ, ಸಕ್ಕರೆ ಎಲ್ಲವೂ ಏರುಪೇರಾಗಬಹುದು. ಅಪರೂಪಕ್ಕೆ ಹೃದಯದ ಸ್ನಾಯುವೇ ತಾತ್ಕಾಲಿಕವಾಗಿ ದುರ್ಬಲವಾಗುತ್ತದೆ. ಇದಕ್ಕೆ 'ಟಾಕೊಟ್ಸುಬೊ' ಎಂದು ಹೆಸರು. ಋತುಬಂಧದ ನಂತರದ ಮಹಿಳೆಯರಲ್ಲಿ ಹೆಚ್ಚು. ನಾಯಿ ಸತ್ತ ಬಳಿಕ ಹೀಗಾದ ಅಮೆರಿಕದ ಮಹಿಳೆಯೊಬ್ಬರ ಪ್ರಕರಣ 2017ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಆದ್ದರಿಂದ ದುಃಖದ ಮನೆಯಲ್ಲಿ ಯಾರಿಗಾದರೂ ಎದೆನೋವು, ಉಬ್ಬಸ ಬಂದರೆ "ಬೇಸರದಿಂದ ಇರಬೇಕು" ಎಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ನಿಂತುಹೋದ ನಡಿಗೆ

ನಮ್ಮ ಅಮ್ಮನಿಗೆ 74 ವರ್ಷ, ಮಧುಮೇಹವಿದೆ. ಮಿಂಚು ಸತ್ತು ಮೂರು ತಿಂಗಳಾದಾಗ ಅವರ ಎಚ್‌ಬಿಎ1ಸಿ 6.9ರಿಂದ 8.4ಕ್ಕೆ ಏರಿತ್ತು. ನಾನು ಮಾತ್ರೆ ಬದಲಿಸಲು ಹೊರಟಾಗ ನನ್ನ ಹೆಂಡತಿ, "ಅತ್ತೆ ಈಗ ನಡೆಯಲಿಕ್ಕೇ ಹೋಗುವುದಿಲ್ಲ, ನಿಮಗೆ ಗೊತ್ತುಂಟಾ?" ಎಂದಳು. ದಿನವೂ ಬೆಳಿಗ್ಗೆ ಆರಕ್ಕೆ ಅಮ್ಮ ಮಿಂಚುವನ್ನು ಕರೆದುಕೊಂಡು ಹಾಲು ತರಲು ಹೋಗುತ್ತಿದ್ದರು, ಹೋಗಿಬರಲು ಮುಕ್ಕಾಲು ಗಂಟೆ. ಅದು ಅವರಿಗೆ ವ್ಯಾಯಾಮ ಎಂದು ಯಾರೂ ಅಂದುಕೊಂಡಿರಲಿಲ್ಲ. ನಾಯಿಯೊಂದಿಗೆ ಆ ನಡಿಗೆಯೂ, ದಾರಿಯಲ್ಲಿ ನಾಲ್ಕು ಜನರೊಂದಿಗಿನ ಮಾತೂ ನಿಂತಿತ್ತು. ಈಗ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಾನು ಅವರ ಜೊತೆ ಹೋಗುತ್ತೇನೆ. ಸಕ್ಕರೆ ಇಳಿಯತೊಡಗಿದೆ.

ಏನು ಮಾಡಬೇಕು?

ಮೊದಲನೆಯದಾಗಿ, ದುಃಖವನ್ನು ಮುಚ್ಚಿಡಬೇಡಿ. ಅಳು ಬಂದರೆ ಅಳಿ. ನಾಯಿಯ ಬಗ್ಗೆ ಮನೆಯವರೊಂದಿಗೆ ಮಾತನಾಡಿ.

ಮಕ್ಕಳಿಗೆ "ಊರಿಗೆ ಹೋಗಿದೆ", "ಮಲಗಿದೆ" ಎಂದು ಸುಳ್ಳು ಹೇಳಬೇಡಿ. ಚಿಕ್ಕ ಮಕ್ಕಳು ಮಲಗಲು ಹೆದರಬಹುದು. ಸತ್ತಿದೆ, ಮತ್ತೆ ಬರುವುದಿಲ್ಲ, ಇದು ನಿನ್ನ ತಪ್ಪಲ್ಲ ಎಂದು ಸರಳವಾಗಿ ತಿಳಿಸಿ.

ಊಟ, ನಿದ್ದೆ, ನಡಿಗೆಯ ವೇಳೆಯನ್ನು ತಪ್ಪಿಸಬೇಡಿ. ಹಿರಿಯರು ತಮ್ಮ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿಕೊಳ್ಳಿ. ನಿದ್ದೆಗೆಂದು ಮದ್ಯಕ್ಕಾಗಲಿ, ವೈದ್ಯರ ಸಲಹೆಯಿಲ್ಲದ ಮಾತ್ರೆಗಾಗಲಿ ಕೈಹಾಕಬೇಡಿ.

ಇನ್ನೊಂದು ಮರಿ ತರಲು ಅವಸರ ಬೇಡ. ಹೊಸ ನಾಯಿ ಹಳೆಯದರ ಜಾಗ ತುಂಬಲು ಬರುವುದಲ್ಲ. ಮನೆಯವರೆಲ್ಲರ ಮನಸ್ಸು ಸಿದ್ಧವಾದ ಮೇಲೆ ತನ್ನಿ.

ಸಾಮಾನ್ಯವಾಗಿ ಈ ದುಃಖ ವಾರಗಳು ಕಳೆದಂತೆ ಹಗುರಾಗುತ್ತದೆ. ಎರಡು ವಾರ ಮೀರಿಯೂ ದಿನವಿಡೀ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ನಿದ್ದೆ ಕೆಟ್ಟಿರುವುದು ಕಂಡರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಿ. ಬದುಕು ಬೇಡ ಎಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇತ್ತೀಚೆಗೆ ಕಾರ್ಕಳಕ್ಕೆ ಹೋಗಿದ್ದಾಗ ಆ ಮಾಷ್ಟ್ರ ಮನೆಗೆ ಹೋದೆ. ಮಿಂಚು ಸತ್ತ ಸುದ್ದಿ ಹೇಳಿದೆ. ಅವರು ನಗಲಿಲ್ಲ. "ಎಷ್ಟು ವರ್ಷವಾಗಿತ್ತು ಡಾಕ್ಟ್ರೇ?" ಎಂದು ಕೇಳಿದರು. ಆಮೇಲೆ ನಾನು, "ನಿಮ್ಮ ನಾಯಿಯ ಹೆಸರೇನು ಮಾಷ್ಟ್ರೇ?" ಎಂದು ಕೇಳಿದೆ. ಅವರು ಅರ್ಧ ಗಂಟೆ ಅದರ ವಿಷಯವನ್ನೇ ಹೇಳಿದರು. ಹಿತ್ತಿಲಿಗೆ ಕರೆದುಕೊಂಡು ಹೋಗಿ ಅದನ್ನು ಹೂಳಿದ ತೆಂಗಿನ ಮರದ ಬುಡವನ್ನೂ ತೋರಿಸಿದರು.

ಅಂದು ಕ್ಲಿನಿಕ್ಕಿನಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಿಮ್ಮ ನೆರೆಮನೆಯಲ್ಲಿ ನಾಯಿ ಸತ್ತರೆ ನೀವಾದರೂ ಕೇಳಿ.