ರಜೆಯಲ್ಲಿ ಕಡಲತೀರ: ಮನೆಮಂದಿಯ ಜತೆ ಮಾಡಬಹುದಾದ ವಿಜ್ಞಾನದ ಚಟುವಟಿಕೆಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಒಂದು ದೊಡ್ಡ ಅನುಕೂಲವಿದೆ. ತರಗತಿಯ ಬಹುತೇಕ ಮಕ್ಕಳು ವರ್ಷಕ್ಕೆ ನಾಲ್ಕಾರು ಸಲವಾದರೂ ಕಡಲ ಕಿನಾರೆಗೆ ಹೋಗಿಬರುತ್ತಾರೆ. ಏಪ್ರಿಲ್, ಮೇ ರಜೆಯಲ್ಲಿ ಬೆಂಗಳೂರು, ಮುಂಬೈಗಳಿಂದ ನೆಂಟರು ಬಂದರೆ ಸಂಜೆ ತ್ರಾಸಿ, ಮರವಂತೆ ಅಥವಾ ಕೋಡಿ. ಬೈಂದೂರಿನವರಾದರೆ ಸೋಮೇಶ್ವರ, ಅಲ್ಲಿಂದ ಒತ್ತಿನೆಣೆ ಗುಡ್ಡ. ಬ್ರಹ್ಮಾವರದ ಕಡೆಯವರಾದರೆ ಕೋಡಿಬೆಂಗ್ರೆ. ತೆರೆಗೆ ಕಾಲೊಡ್ಡುವುದು, ಹೊಯಿಗೆಯಲ್ಲಿ ಗೂಡು ಕಟ್ಟುವುದು, ಚಿಪ್ಪು ಹೆಕ್ಕುವುದು, ಕಬಡ್ಡಿ, ಚರ್ಮುರಿ, ಕತ್ತಲಾಗುವ ಮೊದಲು ಮನೆ. ಮಕ್ಕಳು ಖುಷಿಯಿಂದ ಮಾಡುವ ಈ ಕೆಲಸಗಳಲ್ಲಿ ನಮ್ಮ ಪಠ್ಯಪುಸ್ತಕದ ಎಷ್ಟೋ ಪಾಠಗಳು ಸೇರಿಕೊಂಡಿವೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ತನ್ನ ಮೊದಲನೆಯ ಮಾರ್ಗದರ್ಶಿ ತತ್ತ್ವದಲ್ಲೇ ಹೇಳಿದೆ. ಅದನ್ನು ನಾವು ಪರೀಕ್ಷೆಗೆ ಓದುತ್ತೇವೆ. ರಜೆಯ ಮನೆಗೆಲಸ ಕೊಡುವಾಗ ಮಾತ್ರ ಅಭ್ಯಾಸದ ಪ್ರಶ್ನೆಗಳ ಸಂಖ್ಯೆ ಬರೆದು ಮುಗಿಸುವ ರೂಢಿ ಇನ್ನೂ ಇದೆ.

ರಜೆಗೆ ಮೊದಲು ಮಕ್ಕಳ ಕೈಗೆ ಒಂದೇ ಒಂದು ಹಾಳೆ ಕೊಟ್ಟು, ಮನೆಯ ಹಿರಿಯರೊಬ್ಬರ ಜತೆ ಕಡಲತೀರದಲ್ಲಿ ಮಾಡಿ ಬರುವ ಚಟುವಟಿಕೆಗಳನ್ನು ಸೂಚಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಆಟದ ಸಂಗತಿಗಳಿಂದ ಶುರುಮಾಡಿ, ಪ್ರಾಣಕ್ಕೆ ಸಂಬಂಧಿಸಿದ ಸಂಗತಿಗೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಹೊಯಿಗೆ. ಒದ್ದೆ ಹೊಯಿಗೆಯ ಮೇಲೆ ಕಾಲಿಟ್ಟ ಕೂಡಲೇ ಪಾದದ ಸುತ್ತ ಒಂದು ಬಿಳಿಚಿದ ವೃತ್ತ ಮೂಡುತ್ತದೆ. ಹೊಯಿಗೆ ಒಣಗಿದ ಹಾಗೆ ಕಾಣುತ್ತದೆ. ಎಲ್ಲರೂ ನೋಡಿರುತ್ತಾರೆ, ಯಾರೂ ಕೇಳಿರುವುದಿಲ್ಲ. ಒತ್ತಿದರೆ ನೀರು ಹೊರಗೆ ಬರಬೇಕಲ್ಲ, ಒಳಗೆ ಹೋದದ್ದೇಕೆ? ತೆರೆಗಳು ಬಡಿದು ಬಡಿದು ಕಣಗಳನ್ನು ಒತ್ತೊತ್ತಾಗಿ ಕೂರಿಸಿರುತ್ತವೆ. ಪಾದದ ಭಾರಕ್ಕೆ ಕಣಗಳು ಒಂದರ ಮೇಲೊಂದು ಹತ್ತಿ ಸರಿಯಬೇಕಾದರೆ ಅವುಗಳ ನಡುವಿನ ಜಾಗ ಹಿಗ್ಗಲೇಬೇಕು. ಹಿಗ್ಗಿದ ಜಾಗಕ್ಕೆ ಮೇಲಿನ ನೀರು ಇಳಿಯುತ್ತದೆ, ಮೇಲ್ಮೈ ಒಣಗಿದಂತೆ ಕಾಣುತ್ತದೆ. ಆಸ್ಬರ್ನ್ ರೇನಾಲ್ಡ್ಸ್ ಎಂಬ ಭೌತವಿಜ್ಞಾನಿ ಇದನ್ನು ವಿವರಿಸಿದ್ದು 1885ರಲ್ಲಿ. ಆರನೆಯ ತರಗತಿಯ ಮಗುವಿಗೆ ಇಷ್ಟು ವಿವರ ಬೇಕಿಲ್ಲ. 'ನೀರು ಎಲ್ಲಿಗೆ ಹೋಯಿತು?' ಎಂಬ ಪ್ರಶ್ನೆಯನ್ನು ಹೊತ್ತು ಮನೆಗೆ ಬಂದರೆ ಸಾಕು. ಹೊಯಿಗೆ ಗೂಡಿನ ಲೆಕ್ಕವೂ ನೀರಿನದೇ. ಒಣ ಹೊಯಿಗೆ ನಿಲ್ಲುವುದಿಲ್ಲ, ತೀರಾ ನೀರಾದ ಹೊಯಿಗೆಯೂ ನಿಲ್ಲುವುದಿಲ್ಲ. ಕಣಗಳ ನಡುವೆ ತೆಳುವಾಗಿ ನಿಂತ ನೀರಿನ ಮೇಲ್ಮೈ ಎಳೆತವೇ ಗೂಡನ್ನು ಹಿಡಿದಿಡುತ್ತದೆ.

ಎರಡನೆಯದು ತೇಲುವಿಕೆ. ಒಂಬತ್ತನೆಯ ತರಗತಿಗೆ ಈ ಪಾಠ ಮಾಡುವವರು ಸಾಮಾನ್ಯವಾಗಿ ಉಪ್ಪು ಬೆರೆಸಿದ ನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸುತ್ತೇವೆ. ಕೂಡಲೇ ಮಕ್ಕಳು ಕಡಲ ನೀರಿನಲ್ಲೂ ಮೊಟ್ಟೆ ತೇಲುತ್ತದೆ ಎಂದು ತೀರ್ಮಾನಿಸುತ್ತಾರೆ. ತೇಲುವುದಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದರ ಸಾಂದ್ರತೆ ಸಿಹಿನೀರಿಗಿಂತ ಎರಡೂವರೆ ಶೇಕಡಾ ಮಾತ್ರ ಹೆಚ್ಚು. ಹೊಸ ಮೊಟ್ಟೆಯ ಸಾಂದ್ರತೆ ಅದಕ್ಕೂ ಹೆಚ್ಚು. ಆದ್ದರಿಂದ ಮೊದಲು ಊಹೆ ಬರೆಸಿ, ಆಮೇಲೆ ಬಾಟಲಿಯಲ್ಲಿ ಕಡಲ ನೀರು ತಂದು ನೋಡಲು ಹೇಳುವುದು ಒಳ್ಳೆಯದು. ಊಹೆ ತಪ್ಪಿದಾಗ ಹುಟ್ಟುವ ಕುತೂಹಲ ಸರಿಯಾದಾಗ ಹುಟ್ಟುವುದಿಲ್ಲ. ಸ್ಟ್ರಾ ತುದಿಗೆ ಜೇಡಿಮಣ್ಣು ಮೆತ್ತಿ ಬಾವಿ ನೀರಿನಲ್ಲಿ 10 ಸೆಂಟಿಮೀಟರು ಮುಳುಗುವ ಹಾಗೆ ಮಾಡಿಕೊಂಡರೆ, ಅದು ಕಡಲ ನೀರಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರು ಮೇಲೆದ್ದು ನಿಲ್ಲುತ್ತದೆ. ಈ ಅಳತೆಗೆ ಮರವಂತೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ. ಹೊಳೆ ಕಡಲಿನ ಹತ್ತಿರ ಬಂದೂ ಸೇರದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೆ ಹೋಗುತ್ತದೆ. ಎರಡೂ ಕಡೆಯ ನೀರು ಒಂದೊಂದು ಬಾಟಲಿ ತಂದರೆ ಬೇಸಿಗೆಯಲ್ಲಿ ಹೊಳೆಯ ನೀರೂ ಉಪ್ಪಾಗಿರುವುದು ತಿಳಿಯುತ್ತದೆ. ಅಲ್ಲಿಂದ ಭರತ-ಇಳಿತದ ಪಾಠ ತಾನಾಗಿ ಶುರುವಾಗುತ್ತದೆ.

ಭರತ-ಇಳಿತಕ್ಕೆ ಬೇಕಾದದ್ದು ಒಂದು ಕೋಲು. ಅಜ್ಜಿ ಮನೆಯಲ್ಲಿ ನಾಲ್ಕು ದಿನ ಉಳಿಯುವ ಮಗು ಪ್ರತಿದಿನ ಒಂದೇ ಹೊತ್ತಿಗೆ ಹೋಗಿ ತೆರೆ ಮುಟ್ಟುವ ಕೊನೆಯ ಜಾಗದಲ್ಲಿ ಕೋಲು ಊರಿ, ಒಂದು ಗುರುತಿನ ತೆಂಗಿನಮರದಿಂದ ಹೆಜ್ಜೆ ಎಣಿಸಿ ಬರೆಯಲಿ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ಒಂದೂವರೆ ಮೀಟರಿನಷ್ಟು. ಇಷ್ಟೇನಾ ಎನಿಸಬಹುದು. ಆದರೆ ತೀರದ ಇಳಿಜಾರು ಇಪ್ಪತ್ತಕ್ಕೆ ಒಂದು ಇದ್ದರೆ ನೀರು 30 ಮೀಟರು ಮುಂದೆ ಬರುತ್ತದೆ. ಚಪ್ಪಲಿ, ಚೀಲ ಇಟ್ಟ ಜಾಗಕ್ಕೆ ಮರಳಿ ಬಂದು ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿಯ ವಿಷಯ ಬೇಗ ಮುಗಿಯುತ್ತದೆ. ಏಳನೆಯ ತರಗತಿಯ ಉಷ್ಣದ ಪಾಠದಲ್ಲಿ ಕಡಲಗಾಳಿ, ನೆಲಗಾಳಿ ಇವೆ. ಮಧ್ಯಾಹ್ನ ಒಣ ಹೊಯಿಗೆಯಲ್ಲಿ ಕಾಲಿಡಲಾಗದು, ನೀರು ಮಾತ್ರ ತಂಪು. ಸಂಜೆ ಪಟ ಬಿಟ್ಟರೆ ಅದು ಮೂಡಣಕ್ಕೆ ಓಡುತ್ತದೆ. ಹಾಯಿದೋಣಿಯ ಕಾಲದಲ್ಲಿ ಬೆಳಗಿನ ನೆಲಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ಮರಳುತ್ತಿದ್ದರೆಂದು ಮೀನುಗಾರ ಮನೆಯ ಅಜ್ಜ ಹೇಳಿದರೆ, ಪುಸ್ತಕದ ಚಿತ್ರಕ್ಕಿಂತ ಅದು ಹೆಚ್ಚು ನಾಟುತ್ತದೆ.

ಇನ್ನು ಸೆಳವಿನ ವಿಷಯ. ಪ್ರತಿ ರಜೆಯಲ್ಲಿಯೂ ಕರಾವಳಿಯ ಯಾವುದೋ ತೀರದಲ್ಲಿ, ನೆಂಟರ ಮನೆಗೆ ಬಂದ ಮಕ್ಕಳೋ ಯುವಕರೋ ನೀರುಪಾಲಾದ ಸುದ್ದಿ ಓದುತ್ತೇವೆ. 'ಎಚ್ಚರಿಕೆ ವಹಿಸಿ' ಎಂಬ ಮಾತು ಎಲ್ಲ ಕಡೆ ಇದೆ. ಯಾವುದರ ಬಗ್ಗೆ ಎಚ್ಚರ ಎಂಬುದು ಎಲ್ಲೂ ಇಲ್ಲ. ಅದನ್ನು ವಿವರಿಸುವುದು ವಿಜ್ಞಾನ ಶಿಕ್ಷಕರ ಕೆಲಸವೆಂದೇ ನಾನು ತಿಳಿದಿದ್ದೇನೆ.

ತೆರೆಗಳು ತೀರಕ್ಕೆ ನೀರನ್ನು ತಂದು ಪೇರಿಸುತ್ತವೆ. ಆ ನೀರು ಮರಳಲೇಬೇಕು. ತೀರದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಹೊಯಿಗೆಯ ದಿಬ್ಬಗಳಿರುತ್ತವೆ. ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಎಲ್ಲ ನೀರೂ ಒಟ್ಟಾಗಿ ನುಗ್ಗಿ ಹೊರಗೆ ಹರಿಯುತ್ತದೆ. ಇದೇ ಸೆಳವು. ತೆರೆ ಒಡೆಯುವುದು ಆಳ ಕಡಿಮೆಯಾದ ಕಡೆ. ಆಳವು ತೆರೆಯ ಎತ್ತರದ ಒಂದೂಕಾಲು ಪಟ್ಟಿನ ಆಸುಪಾಸಿಗೆ ಇಳಿದಾಗ ತೆರೆ ಮಗುಚುತ್ತದೆ. ತಗ್ಗಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ನೊರೆ ಕಡಿಮೆ. ಊರು ಹೊಸದಾದವರು ಅತ್ತಿತ್ತ ನೋಡಿ, ಅಬ್ಬರವಿಲ್ಲದ ಜಾಗ ಇದೇ ಎಂದು ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲಿಗೇ.

ಈ ಪಾಠವನ್ನು ನಾನು ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಮಾಡಿದಾಗ ಹಲಗೆಯ ಮೇಲೆ ತೀರದ ಚಿತ್ರ ಬರೆದು, ಎಲ್ಲಿ ಇಳಿಯುವಿರಿ ಎಂದು ಕೇಳಿದೆ. ಹೆಚ್ಚಿನವರು ನೊರೆಯಿಲ್ಲದ ಜಾಗವನ್ನೇ ತೋರಿಸಿದರು. ಹಿಂದಿನ ಬೆಂಚಿನಿಂದ ಮೀನುಗಾರರ ಮನೆಯ ಹುಡುಗನೊಬ್ಬ, "ಟೀಚರೆ, ಅಲ್ ತೆರೆ ಒಡುದಿಲ್ಲ, ಗುಂಡಿ ಇತ್ತ್" ಎಂದ. ಪಾಠದ ಸಾರವೆಲ್ಲ ಆ ಒಂದು ವಾಕ್ಯದಲ್ಲಿತ್ತು. ಉಳಿದ ಇಪ್ಪತ್ತು ನಿಮಿಷ ಅವನೇ ಹಲಗೆಯ ಬಳಿ ನಿಂತು ಕೈರಂಪಣಿ ಬಲೆ ಎಳೆಯುವಾಗ ದೊಡ್ಡವರು ಯಾವ ಜಾಗ ಬಿಡುತ್ತಾರೆಂದು ತೋರಿಸಿದ. ಕಿರುಪರೀಕ್ಷೆಗಳಲ್ಲಿ ಹಿಂದುಳಿದವನೆಂದು ಗುರುತಿಸಲಾದ ಹುಡುಗನಾತ. ಕಡಲಿನ ವಿಷಯದಲ್ಲಿ ತರಗತಿಯ ಜ್ಞಾನದ ಸಾಲು ತಿರುವುಮುರುವಾಗುತ್ತದೆ ಎಂಬುದನ್ನು ಪಾಠಯೋಜನೆ ಬರೆಯುವವರು ಮೊದಲೇ ಎಣಿಕೆಗೆ ತೆಗೆದುಕೊಳ್ಳಬೇಕು.

ಪ್ರಾತ್ಯಕ್ಷಿಕೆಗೆ ಒಂದು ಅಗಲದ ಟ್ರೇ ಸಾಕು. ಒಂದು ಬದಿಗೆ ಹೊಯಿಗೆಯ ಇಳಿಜಾರು, ಅದರ ಮುಂದೆ ಉದ್ದಕ್ಕೆ ದಿಬ್ಬ, ದಿಬ್ಬದ ನಡುವೆ ಎರಡು ಬೆರಳಗಲದ ಕಿಂಡಿ. ನೀರು ತುಂಬಿ, ರಟ್ಟಿನಿಂದ ನಿಧಾನವಾಗಿ ತೆರೆ ಎಬ್ಬಿಸುತ್ತ ದಿಬ್ಬದ ಹಿಂದೆ ಶಾಯಿಯ ಹನಿ ಬಿಟ್ಟರೆ ಬಣ್ಣ ಕಿಂಡಿಯತ್ತ ಸರಿಯುವುದು ಕಾಣುತ್ತದೆ.

ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಮಾನ್ಯ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಎರಡು ಮೀಟರಿಗೂ ಮೇಲೆ ಅಳೆದದ್ದುಂಟು. ಅದು ಒಲಿಂಪಿಕ್ಸ್ ಈಜುಗಾರನ ವೇಗ. ತೀರದ ಕಡೆಗೆ ನೇರ ಈಜಿದವರು ದಣಿದು ಮುಳುಗುತ್ತಾರೆ. ಗಾಬರಿಯಾಗದೆ ಅಂಗಾತ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಲ್ಲವರು ತೀರಕ್ಕೆ ಸಮಾಂತರವಾಗಿ ಸರಿದು ಸೆಳವಿನಿಂದ ಹೊರಬಿದ್ದು ಆಮೇಲೆ ದಡಕ್ಕೆ ತಿರುಗಬೇಕು. ನೋಡುತ್ತಿರುವವರು ಬರಿಗೈಯಲ್ಲಿ ಹಾರಬಾರದು. ಹಗ್ಗ, ಖಾಲಿ ಕ್ಯಾನು, ತೇಲುವ ಏನಾದರೂ ಎಸೆಯಬೇಕು. ಇಷ್ಟನ್ನು ಮಗು ಮನೆಯ ಒಬ್ಬ ಹಿರಿಯರಿಗೆ ಹೇಳಿಕೊಟ್ಟು ಹಾಳೆಯಲ್ಲಿ ಅವರ ಸಹಿ ತರಬೇಕು. ನನ್ನ ಹಾಳೆಯಲ್ಲಿ ಕಡ್ಡಾಯವಾದ ಚಟುವಟಿಕೆ ಇದೊಂದೇ.

ಅಳಿವೆಗಳಲ್ಲಿ ಇನ್ನೊಂದು ಬಗೆಯ ಸೆಳೆತವಿದೆ. ಗಂಗೊಳ್ಳಿ-ಕೋಡಿ ನಡುವೆ ಪಂಚಗಂಗಾವಳಿ, ಕೋಡಿಬೆಂಗ್ರೆಯಲ್ಲಿ ಸೀತಾ, ಸುವರ್ಣಾ ನದಿಗಳು ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಭರತದಲ್ಲಿ ಒಳನುಗ್ಗಿದ ನೀರು, ಹೊಳೆಯ ನೀರು ಎರಡೂ ಇಕ್ಕಟ್ಟಾದ ಬಾಯಿಯಿಂದ ಒಟ್ಟಿಗೆ ಹೊರಡುತ್ತವೆ. ನೋಡಲು ನೀರು ಸಪಾಟು. ಪಟ ತೆಗೆಯಲು ಚೆಂದದ ಜಾಗ, ಸ್ನಾನಕ್ಕಲ್ಲ.

ಮಳೆಗಾಲದ ಮಾತು ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದರ ಮುಖ್ಯ ಉದ್ದೇಶ ಮೀನಿನ ಸಂತಾನಾಭಿವೃದ್ಧಿಯೇ ಆದರೂ, ಬೋಟುಗಳೆಲ್ಲ ದಕ್ಕೆಯಲ್ಲಿ ಸುಮ್ಮನಿರುವ ತಿಂಗಳಲ್ಲಿ ಮಕ್ಕಳನ್ನು ನೀರಿಗಿಳಿಸುವುದು ಸರಿಯೇ ಎಂದು ಕೇಳಿದರೆ ಮನೆಯವರಿಗೆ ಬೇಗ ಅರ್ಥವಾಗುತ್ತದೆ. ಆದರೆ ಅದೇ ಕಾಲದಲ್ಲಿ ಕರ್ಕಾಟಕ ಅಮಾವಾಸ್ಯೆ ಬರುತ್ತದೆ. ಅಂದು ಮರವಂತೆಯ ವರಾಹಸ್ವಾಮಿ ದೇವಸ್ಥಾನದ ಜಾತ್ರೆಗೆ ಹೊಸ ಮದುಮಕ್ಕಳು, ಮನೆಮಂದಿ ಬಂದು ಹೊಳೆಯಲ್ಲಿಯೂ ಕಡಲಿನಲ್ಲಿಯೂ ಮೀಯುತ್ತಾರೆ. ಅಮಾವಾಸ್ಯೆಯ ದೊಡ್ಡ ಭರತ, ಮುಂಗಾರಿನ ತೆರೆ ಎರಡೂ ಒಂದೇ ದಿನ. ನಂಬಿಕೆಯನ್ನು ಹಗುರವಾಗಿ ಮಾತಾಡುವುದು ಶಿಕ್ಷಕರಿಗೆ ಹೇಳಿದ್ದಲ್ಲ, ಅದರಿಂದ ಪ್ರಯೋಜನವೂ ಇಲ್ಲ. ದಡದಲ್ಲಿ ಕೊಡದಿಂದ ನೀರು ಹೊಯ್ದುಕೊಂಡರೂ ಮಿಂದ ಹಾಗೆಯೇ ಎಂದು ಹೇಳುವ ಹಿರಿಯರು ಊರಲ್ಲಿದ್ದಾರೆ; ಅವರ ಮಾತನ್ನು ಮಕ್ಕಳ ಮೂಲಕ ಮನೆಗೆ ಕಳುಹಿಸಬಹುದು.

ಜೀವವೈವಿಧ್ಯಕ್ಕೆ ಒಂದು ಸಾಲು: ಹೊಯಿಗೆ ಏಡಿಯ ಬಿಲ, ಅಡುಂಬು ಬಳ್ಳಿ, ಚಿಪ್ಪುಗಳ ಪಟ್ಟಿ ಮಾಡಿಸಬಹುದು. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಗುರುತು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದ ಶಿವರಾಮ ಕಾರಂತರು ಇದೇ ಕೋಟದವರು ಎಂಬುದನ್ನು ಇಲ್ಲಿ ನೆನಪಿಸಿದರೆ ಗ್ರಂಥಾಲಯಕ್ಕೂ ಒಂದು ದಾರಿಯಾಗುತ್ತದೆ.

ಹಾಳೆ ತಯಾರಿಸುವಾಗ ಎರಡು ಸಂಗತಿ ನೋಡಿಕೊಳ್ಳಬೇಕು. ಕಡಲಿಗೆ ಹೋಗಲಾಗದ ಮಕ್ಕಳಿದ್ದಾರೆ. ಅಮ್ಮ ಗೇರುಬೀಜ ಕಾರ್ಖಾನೆಗೋ ಹಂಚಿನ ಕಾರ್ಖಾನೆಗೋ ಹೋಗುವ ಮನೆಯಲ್ಲಿ ರಜೆಯೆಂದರೆ ತಮ್ಮನನ್ನು ನೋಡಿಕೊಳ್ಳುವ ದಿನಗಳು. ಅವರಿಗೆ ಹೊಳೆ, ಬಾವಿ, ಬಕೆಟ್ಟಿನಲ್ಲಿ ಆಗುವ ಚಟುವಟಿಕೆ ಇರಲಿ. ಇನ್ನು ಮೀನುಗಾರರ ಮಕ್ಕಳಿಗೆ ಕಡಲು ವಿಹಾರದ ಜಾಗವಲ್ಲ, ಮನೆಯ ಕೆಲಸದ ಜಾಗ. ಅವರಿಗೆ 'ಕಡಲತೀರದ ಪ್ರವಾಸದ ಬಗ್ಗೆ ಬರೆಯಿರಿ' ಎನ್ನುವ ಬದಲು, 'ಇವತ್ತು ಕಡಲಿಗೆ ಇಳಿಯಬಹುದೋ ಬಾರದೋ ಎಂದು ನಿಮ್ಮ ಮನೆಯವರು ಏನನ್ನು ನೋಡಿ ಹೇಳುತ್ತಾರೆ?' ಎಂದು ಕೇಳಬಹುದು. ರಜೆ ಮುಗಿದ ಮೊದಲ ವಾರ ಆ ಉತ್ತರಗಳನ್ನು ಅವರಿಂದಲೇ ಓದಿಸಿ, ಬೇರೆಯವರ ಹಾಳೆಗಳನ್ನು ಆಮೇಲೆ ತೆಗೆದುಕೊಳ್ಳುವ ಕ್ರಮ ಇಟ್ಟುಕೊಂಡಿದ್ದೇನೆ.