ಕರಿಕಂಬಳಿಯ ಒಳವಿವರ: ಗೊರವರ ಛಾಯಾಚಿತ್ರಗಳ ಸಂಸ್ಕರಣೆಯನ್ನು ಕುರಿತು

ಗೊರವರ ಕುಣಿತವನ್ನು ಕುರಿತು ಪ್ರಕಟವಾಗಿರುವ ಹಲವು ಗ್ರಂಥಗಳಲ್ಲಿನ ಛಾಯಾಚಿತ್ರಗಳನ್ನು ಗಮನಿಸಿದಾಗ ಒಂದು ಸಾಮಾನ್ಯ ಲಕ್ಷಣ ಎದ್ದು ಕಾಣುತ್ತದೆ. ಕಲಾವಿದನ ಮುಖ, ಕೈಯಲ್ಲಿರುವ ಡಮರುಗ, ಪಿಳ್ಳಂಗೋವಿ, ಕವಡೆಸರ ಇವೆಲ್ಲ ಸ್ಪಷ್ಟವಾಗಿರುತ್ತವೆ. ಆದರೆ ಕೊರಳಿನಿಂದ ಮೊಣಕಾಲಿನವರೆಗೆ ಇರುವುದು ಕೇವಲ ಒಂದು ಕಪ್ಪು ಆಕೃತಿ. ಕಂಬಳಿಯ ನಿಲುವಂಗಿ ಎಲ್ಲಿ ಮುಗಿಯಿತು, ಅದರ ಮೇಲೆ ತೂಗುವ ಭಂಡಾರದ ಚೀಲ ಎಲ್ಲಿ ಆರಂಭವಾಯಿತು ಎಂಬುದು ತಿಳಿಯುವುದಿಲ್ಲ. ಮೈಸೂರು, ಚಾಮರಾಜನಗರ ಭಾಗದ ಗೊರವರು ಧರಿಸುವ ಕರಡಿಕೂದಲಿನ ಕುಲಾವಿಯಂತೂ ತಲೆಯ ಮೇಲೆ ಮಸಿ ಬಳಿದಂತೆ ತೋರುತ್ತದೆ. ವೇಷಭೂಷಣವೇ ಅಧ್ಯಯನದ ವಸ್ತುವಾದಾಗ ಇದು ಸಣ್ಣ ಕೊರತೆಯಲ್ಲ. ಪ್ರಸ್ತುತ ಲೇಖನದಲ್ಲಿ ಈ ಕೊರತೆಯ ಕಾರಣಗಳನ್ನೂ, ಇರುವ ಚಿತ್ರಗಳಿಂದಲೇ ಆ ವಿವರಗಳನ್ನು ಎಷ್ಟರಮಟ್ಟಿಗೆ ಮರಳಿ ಪಡೆಯಬಹುದೆಂಬುದನ್ನೂ ಪರಿಶೀಲಿಸಲಾಗಿದೆ.

ಮೊದಲು ವಸ್ತುವನ್ನೇ ನೋಡಬೇಕು. ಮೈಲಾರಲಿಂಗನ ಒಕ್ಕಲಾದ ಗೊರವರ ಕಂಬಳಿ ನಾವು ಹೇಳುವಷ್ಟು ಕಪ್ಪಲ್ಲ. ಅದು ಬಣ್ಣ ಹಾಕದ ಕರಿಕುರಿಯ ಉಣ್ಣೆ. ಬಿಸಿಲಿಗೆ ಒಡ್ಡಿದ ಹೆಗಲಿನ ಭಾಗ ಕ್ರಮೇಣ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಮಡಿಕೆಗಳ ಒಳಗೆ ಮೂಲದ ಕಪ್ಪು ಉಳಿದಿರುತ್ತದೆ. ನೇಯ್ಗೆಗೆ ಮುನ್ನ ನೂಲಿಗೆ ಹುಣಸೆಬೀಜದ ಗಂಜಿ ಉಣ್ಣಿಸುವುದರಿಂದ ಹೊಸ ಕಂಬಳಿ ಗಡುಸಾಗಿ ನಿಲ್ಲುತ್ತದೆ, ಹಳೆಯದು ಇಳಿಬೀಳುತ್ತದೆ. ಅರಿಶಿನದ ಭಂಡಾರ ಮಡಿಕೆಗಳಲ್ಲಿ ಸೇರಿಕೊಂಡಿರುತ್ತದೆ. ಅಂದರೆ ಕಂಬಳಿಯ ವಯಸ್ಸು, ಬಳಕೆ, ಆಚರಣೆಯ ಗುರುತು ಎಲ್ಲವೂ ಆ ‘ಕಪ್ಪಿ’ನೊಳಗೇ ಇವೆ. ಕುಲಾವಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಕರಡಿ ಸೇರಿದೆ. ಆದ್ದರಿಂದ ಹೊಸ ಕರಡಿಚರ್ಮದ ಕುಲಾವಿಗೆ ಅವಕಾಶವಿಲ್ಲ. ಹಳೆಯ ಕುಲಾವಿಗಳ ಹೊಲಿಗೆ, ಕೂದಲಿನ ಜೋಡಣೆಯನ್ನು ತಿಳಿಯಲು ಮುಂದಿನವರಿಗೆ ಛಾಯಾಚಿತ್ರವೇ ಪ್ರಮುಖ ಆಕರವಾಗಬಹುದು. ಚಿತ್ರದಲ್ಲಿರುವುದು ಒರಟಾದ ನೀಳ ಕರಡಿಕೂದಲೋ, ಒಂದೇ ತೆರನಾಗಿ ಹೊಳೆಯುವ ಕೃತಕ ಕೂದಲೋ ಎಂದು ಊಹಿಸುವುದಕ್ಕಾದರೂ ನೆರಳಿನ ಭಾಗ ತೆರೆದಿರಬೇಕಲ್ಲವೇ?

ಈ ವಿವರಗಳು ಕಳೆದುಹೋಗುವುದು ಬಹುಮಟ್ಟಿಗೆ ಕ್ಯಾಮೆರಾದ ಅಳತೆಯ ಕ್ರಮದಿಂದ. ಬೆಳಕನ್ನು ಅಳೆಯುವ ಸಾಧನವು ದೃಶ್ಯವನ್ನು ಒಂದು ಮಧ್ಯಮ ಬೂದುಬಣ್ಣಕ್ಕೆ ಹೊಂದಿಸಲು ಯತ್ನಿಸುತ್ತದೆ. ಹಿನ್ನೆಲೆಯಲ್ಲಿ ಬಿಳಿಯ ಗೋಡೆಯೋ ಬಯಲಿನ ಆಕಾಶವೋ ಇದ್ದಾಗ ಅದು ಬೆಳಕನ್ನು ತಗ್ಗಿಸುತ್ತದೆ, ಕಂಬಳಿ ಕತ್ತಲೆಗೆ ಜಾರುತ್ತದೆ. ಮೈಸೂರು ದಸರಾದ ಜಂಬೂಸವಾರಿ ಇದಕ್ಕೆ ಒಳ್ಳೆಯ ನಿದರ್ಶನ. ಮೆರವಣಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದ ಕಡೆಗೆ, ಅಂದರೆ ಉತ್ತರಾಭಿಮುಖವಾಗಿ ಸಾಗುವಾಗ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಪೂರ್ವದ ಬದಿಯಲ್ಲಿ ನಿಂತು ಚಿತ್ರ ತೆಗೆದವರಿಗೆ ದೊರೆಯುವುದು ಕಂಬಳಿಯ ನೆರಳಿನ ಮಗ್ಗುಲು ಮಾತ್ರ. ರಸ್ತೆ ದಾಟಿ ನಿಂತರೆ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾಗುತ್ತದೆ. ಆದರೆ ಆ ಜನಜಂಗುಳಿಯಲ್ಲಿ ರಸ್ತೆ ದಾಟುವುದು ಎಷ್ಟು ಸುಲಭವೆಂಬುದು ಮೈಸೂರಿನವರಿಗೆ ಗೊತ್ತು.

ಡಿಜಿಟಲ್ ಚಿತ್ರದ ವಿಷಯದಲ್ಲಿ ಕಡತದ ಸ್ವರೂಪ ನಿರ್ಣಾಯಕವಾದುದು. ೧೨ ಬಿಟ್‌ನ ರಾ ಕಡತದಲ್ಲಿ ಒಟ್ಟು ೪೦೯೬ ಮಟ್ಟಗಳಿರುತ್ತವೆ. ಅತ್ಯಂತ ಪ್ರಕಾಶಮಾನವಾದ ಮೊದಲ ಸ್ಟಾಪ್‌ಗೆ ಇವುಗಳಲ್ಲಿ ೨೦೪೮ ಸಲ್ಲುತ್ತವೆ, ಮುಂದಿನದಕ್ಕೆ ೧೦೨೪. ಹೀಗೆ ಪ್ರತಿ ಸ್ಟಾಪ್‌ಗೂ ಅರ್ಧವಾಗುತ್ತ ಆರನೆಯದಕ್ಕೆ ಬಂದಾಗ ಉಳಿಯುವುದು ೬೪ ಮಾತ್ರ. ಕಂಬಳಿಯ ನೆರಳು ಇರುವುದು ಸಾಮಾನ್ಯವಾಗಿ ಇಂಥ ಕೆಳಹಂತಗಳಲ್ಲಿ. ೧೪ ಬಿಟ್‌ನ ಕಡತದಲ್ಲಿ ಅದೇ ಹಂತಕ್ಕೆ ೨೫೬ ಮಟ್ಟಗಳು ದೊರೆಯುತ್ತವೆ. ಜೆಪೆಗ್ ಕಡತದಲ್ಲಿ ಇರುವುದೇ ೨೫೬ ಮಟ್ಟಗಳು. ಅವು ನೆರಳಿಗೆ ಅನುಕೂಲವಾಗುವಂತೆ ಹಂಚಿಕೆಯಾಗಿದ್ದರೂ ಈ ಆರನೆಯ ಹಂತಕ್ಕೆ ಸುಮಾರು ೧೬ರಷ್ಟೇ ಬರುತ್ತವೆ. ಸಂಕುಚನದ ವೇಳೆ ನೂಲಿನ ಸೂಕ್ಷ್ಮ ಒರಟುತನವೂ ಅಳಿಸಿಹೋಗಿರುತ್ತದೆ. ಹೀಗಾಗಿ ಜೆಪೆಗ್‌ನ ನೆರಳನ್ನು ಎತ್ತಿದಾಗ ಉಣ್ಣೆಯ ಬದಲು ಚೌಕಚೌಕವಾದ ಕಲೆಗಳು ಕಾಣಿಸಿಕೊಳ್ಳುತ್ತವೆ.

ಸಂಸ್ಕರಣೆಯಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು ಇಡೀ ಚಿತ್ರದ ಬೆಳಕನ್ನು ಹೆಚ್ಚಿಸುವುದು. ಇದರಿಂದ ಹಣೆಯ ಭಂಡಾರ, ಕವಡೆಗಳ ಬಿಳುಪು ಹಾಳಾಗುತ್ತವೆಯೇ ಹೊರತು ಕಂಬಳಿ ತೆರೆಯುವುದಿಲ್ಲ. ೨೦೦೩ರಲ್ಲಿ ಬಂದ ಫೋಟೋಶಾಪ್ ಸಿಎಸ್ ಆವೃತ್ತಿಯಲ್ಲಿ ನೆರಳನ್ನು ಪ್ರತ್ಯೇಕವಾಗಿ ಎತ್ತುವ ಆಜ್ಞೆ ದೊರೆಯಿತು. ಇಂದು ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ತಂತ್ರಾಂಶಗಳಲ್ಲಿಯೂ ಈ ಸೌಲಭ್ಯವಿದ್ದು, ಸಣ್ಣ ಗ್ರಂಥಾಲಯಗಳಿಗೂ ಇವು ಎಟಕುತ್ತವೆ. ಕಂಬಳಿಯ ಭಾಗವನ್ನಷ್ಟೇ ಆಯ್ದು, ಅಂಚನ್ನು ಮೃದುಗೊಳಿಸಿ, ವಕ್ರರೇಖೆಯ ಕೆಳಗಿನ ಮೂರನೆಯ ಒಂದು ಭಾಗವನ್ನು ಸ್ವಲ್ಪ ಮೇಲೆತ್ತಬೇಕು. ಆದರೆ ಅದರ ತುದಿಯ ಕಪ್ಪುಬಿಂದುವನ್ನು ಅಲ್ಲಿಯೇ ಬಿಡಬೇಕು. ಮಡಿಕೆಯ ಆಳದಲ್ಲಿ ಎಲ್ಲೋ ಒಂದೆಡೆ ನಿಜವಾದ ಕಪ್ಪು ಉಳಿಯದಿದ್ದರೆ ಕರಿಕಂಬಳಿ ಬೂದುಬಟ್ಟೆಯಾಗುತ್ತದೆ. ನೆರಳಿನಲ್ಲಿ ಕೆಂಪು, ನೇರಳೆ ಚುಕ್ಕೆಗಳು ಮೂಡುವುದು ಸಹಜ, ಏಕೆಂದರೆ ಅಲ್ಲಿ ಸಂವೇದಕಕ್ಕೆ ಬಿದ್ದ ಬೆಳಕೇ ಕಡಿಮೆ. ಈ ಬಣ್ಣದ ಗದ್ದಲವನ್ನು ತೆಗೆಯಬಹುದು. ಆದರೆ ಆ ಭರದಲ್ಲಿ ಹೆಗಲಿನ ಕೆಂಗಂದನ್ನು ‘ದೋಷ’ವೆಂದು ಭಾವಿಸಿ ತಟಸ್ಥ ಕಪ್ಪಾಗಿಸಬಾರದು. ಅದು ಕಂಬಳಿ ಬಿಸಿಲಿನಲ್ಲಿ ಕಳೆದ ವರ್ಷಗಳ ಗುರುತು.

ಇಲ್ಲಿ ನನ್ನದೇ ಒಂದು ತಪ್ಪನ್ನು ದಾಖಲಿಸುವುದು ಉಚಿತ. ಸಂಶೋಧನೆಯ ದಿನಗಳಲ್ಲಿ ನಂಜನಗೂಡು ತಾಲ್ಲೂಕಿನ ಹಿರಿಯ ಗೊರವರೊಬ್ಬರನ್ನು ಸಣ್ಣ ಕ್ಯಾಮೆರಾದಲ್ಲಿ ಚಿತ್ರಿಸಿ, ಅವರ ನಿಲುವಂಗಿ ‘ಅಲಂಕಾರರಹಿತ’ವೆಂದು ಟಿಪ್ಪಣಿ ಬರೆದಿದ್ದೆ. ಅಂದು ಜೊತೆಗಿದ್ದ ಗೆಳೆಯರು ತೆಗೆದಿದ್ದ ರಾ ಕಡತ ವರ್ಷಗಳ ಅನಂತರ ಕೈಸೇರಿತು. ನೆರಳನ್ನು ಎರಡು ಸ್ಟಾಪ್ ಎತ್ತಿದಾಗ ಎಡತೋಳಿನ ಕೆಳಗೆ ಬೇರೆ ನೇಯ್ಗೆಯ ತೇಪೆಯೊಂದು, ಅದರ ಸುತ್ತ ಕೆಂಪುನೂಲಿನ ಹೊಲಿಗೆ ಕಾಣಿಸಿದವು. ಮತ್ತೆ ಹೋಗಿ ವಿಚಾರಿಸಿದಾಗ, ಅದು ತಂದೆಯ ಕಂಬಳಿಯಿಂದ ಉಳಿಸಿಕೊಂಡ ತುಂಡು ಎಂದರು. ಒಂದು ಮನೆಯ ರೂಢಿಯನ್ನು ಸಮುದಾಯದ ಆಚರಣೆಯೆಂದು ಸಾಧಿಸುವ ಉದ್ದೇಶ ನನ್ನದಲ್ಲ. ಆದರೆ ‘ಅಲಂಕಾರರಹಿತ’ ಎಂಬ ಪದವನ್ನು ಹೊಡೆದುಹಾಕಬೇಕಾಯಿತು.

ಹಳೆಯ ಫಿಲ್ಮ್ ನೆಗೆಟಿವ್‌ಗಳ ಸ್ಥಿತಿ ಕೆಲವೊಮ್ಮೆ ಇದಕ್ಕಿಂತ ಉತ್ತಮ. ನೆಗೆಟಿವ್‌ನಲ್ಲಿ ಕಂಬಳಿಯ ಭಾಗ ತೆಳುವಾಗಿ, ಪಾರದರ್ಶಕವಾಗಿರುತ್ತದೆ. ಅಚ್ಚಿನಲ್ಲಿ ಕಾಣದ ವಿವರ ಅಲ್ಲಿ ಉಳಿದಿರಬಹುದು. ಆದುದರಿಂದ ಅಚ್ಚುಪ್ರತಿಯನ್ನಲ್ಲ, ನೆಗೆಟಿವ್ ಅನ್ನೇ ೧೬ ಬಿಟ್‌ನಲ್ಲಿ ಸ್ಕ್ಯಾನ್ ಮಾಡಿಸುವುದು ಯುಕ್ತ. ನೆಗೆಟಿವ್‌ನಲ್ಲಿ ಆ ಭಾಗ ಪೂರ್ತಿ ಬರಿದಾಗಿದ್ದರೆ ಯಾವ ತಂತ್ರಾಂಶವೂ ಅದನ್ನು ತಂದುಕೊಡಲಾರದು. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಬರಿದಾದ ಜಾಗದಲ್ಲಿಯೂ ಉಣ್ಣೆಯಂಥ ಒರಟನ್ನು ತುಂಬಿಕೊಡುತ್ತವೆ. ಅದು ಬೇರೆಲ್ಲಿಯದೋ ಬಟ್ಟೆಗಳ ಸರಾಸರಿ ರೂಪ, ನಮ್ಮ ಗೊರವನ ಕಂಬಳಿಯಲ್ಲ. ಸಂಶೋಧನಾ ಆಕರದಲ್ಲಿ ಇದಕ್ಕೆ ಎಡೆಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮುದ್ರಣದ ಹಂತದಲ್ಲಿಯೂ ಎಚ್ಚರ ಅಗತ್ಯ. ಸಾಧಾರಣ ಕಾಗದದಲ್ಲಿ ಶಾಯಿ ಹರಡಿ ಚುಕ್ಕೆಗಳು ದಪ್ಪವಾಗುವುದರಿಂದ, ಪರದೆಯ ಮೇಲೆ ಸರಿಯಾಗಿ ಕಂಡ ನೆರಳು ಪುಟದಲ್ಲಿ ಮತ್ತೆ ಮುಚ್ಚಿಹೋಗುತ್ತದೆ. ಪುಸ್ತಕಕ್ಕೆ ಕೊಡುವ ಪ್ರತಿಯನ್ನು ತುಸು ಹೆಚ್ಚಾಗಿಯೇ ತೆರೆದು, ಅದೇ ಕಾಗದದಲ್ಲಿ ಒಂದು ಪರೀಕ್ಷಾ ಪ್ರತಿ ತೆಗೆಸಿ ನೋಡಬೇಕು. ಗ್ರಂಥಾಲಯಕ್ಕೆ ಸೇರುವುದು ಮಾತ್ರ ತಿದ್ದದ ಮೂಲ ಕಡತವೇ ಆಗಿರಬೇಕು. ಸಂಸ್ಕರಿಸಿದ ಪ್ರತಿ ಅದರ ಜೊತೆಗಿರಲಿ. ಊರು, ದಿನಾಂಕ, ಕಲಾವಿದರ ವಿವರಗಳ ಕೆಳಗೆ, ಯಾವ ಭಾಗದ ನೆರಳನ್ನು ಯಾವ ತಂತ್ರಾಂಶದಿಂದ ಎಷ್ಟು ಎತ್ತಲಾಗಿದೆ ಎಂಬ ಒಂದು ಸಾಲೂ ಇರತಕ್ಕದ್ದು.